ಒಂದೇ ಮನೆಯ ಕುಕಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ವಿದ್ಯಾರ್ಥಿಗಳೆಲ್ಲ ಹೇಳುತ್ತಿದ್ದರು. ಅದು ನಿಜ. ಸಿಟ್ಟಿದ್ದವರಿಗೆ ಧೈರ್ಯವೂ ಇರುತ್ತದೆ ಎಂದು ಅವರು ತಿಳಿದಿದ್ದರು, ನಾನೂ ತಿಳಿದಿದ್ದೆ. ಅದು ಸುಳ್ಳು ಎಂದು ಗೊತ್ತಾದದ್ದು ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಸಿಂಧನೂರಿನ ನನ್ನ ಕಂಪ್ಯೂಟರ್ ಸೆಂಟರಿನಲ್ಲಿ, ನಾನೇ ಬರೆದ ಒಂದು ಪ್ರೋಗ್ರಾಮಿನ ದೆಸೆಯಿಂದ.

ಅದಕ್ಕೂ ಮೊದಲು, ಎಂಬತ್ತರ ದಶಕದಲ್ಲಿ, ನಾನು ಲಿಂಗಸುಗೂರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೆ ಮೊದಲು ಟೈಪಿಂಗ್ ಮಷೀನು ಇಟ್ಟೆ, ಆಮೇಲೆ ಅವನ್ನು ಮೂಲೆಗೆ ಸರಿಸಿ ಎರಡು ಕಂಪ್ಯೂಟರ್ ಇಟ್ಟೆ. ಹುಡುಗಿಯರನ್ನು ಹೆಣ್ಣು ಮಾಸ್ತರ ಹತ್ತಿರ ಕಳಿಸಲು ಮನೆಯವರು ಹಿಂದೆಮುಂದೆ ನೋಡುವುದಿಲ್ಲ ಎಂಬ ಲೆಕ್ಕಾಚಾರ ನನ್ನದು. ಅದು ಸರಿಯಾಗಿಯೇ ಇತ್ತು. ಸುತ್ತಮುತ್ತಲ ಊರುಗಳಿಂದ ಬಸ್ ಹತ್ತಿ ಬರುವ ಹುಡುಗಿಯರು ನನ್ನನ್ನು ‘ಅಕ್ಕೋರೆ’ ಎಂದು ಕರೆಯುತ್ತಿದ್ದರು. ಅವರ ಅಣ್ಣಂದಿರೂ ಅಪ್ಪಂದಿರೂ ಹಾಗೆಯೇ ಕರೆಯುತ್ತಿದ್ದರು.

ಆಗ ಇಂಟರ್ನೆಟ್ ಎಂದರೆ ಫೋನಿನ ತಂತಿಗೆ ಮೋಡೆಮ್ ಸಿಕ್ಕಿಸಿ ದೂರದ ದೊಡ್ಡ ಊರಿಗೆ ಎಸ್‌ಟಿಡಿ ಹಚ್ಚುವುದು. ಹಗಲು ಹೊತ್ತಿನಲ್ಲಿ ಹಚ್ಚಿದರೆ ಬಿಲ್ ನೋಡಿ ತಲೆ ಸುತ್ತುತ್ತಿತ್ತು. ಬೆಳಗಿನ ಜಾವ ದರ ಕಡಿಮೆ. ಅದಕ್ಕೇ ನಾನೊಂದು ಏರ್ಪಾಡು ಮಾಡಿಕೊಂಡಿದ್ದೆ. ನಸುಕಿನಲ್ಲಿ ಎದ್ದು ಒಂದೇ ಸಲ ಲೈನು ಹಚ್ಚುವುದು, ನನ್ನ ಗಿರಾಕಿಗಳೆಲ್ಲರ ಇ-ಮೇಲ್ ಒಟ್ಟಿಗೆ ಇಳಿಸಿಕೊಳ್ಳುವುದು, ಲೈನು ಕಡಿದು ಪ್ರಿಂಟ್ ಹಾಕುವುದು. ಪ್ರತಿಯೊಬ್ಬರ ಕಾಗದವನ್ನೂ ಮಡಿಚಿ, ಪಿನ್ನು ಹೊಡೆದು, ಲಕೋಟೆಯಲ್ಲಿಟ್ಟು ಕಪಾಟಿನಲ್ಲಿ ಜೋಡಿಸುತ್ತಿದ್ದೆ. ಅವರು ಸಂತೆಗೋ, ಗಿರಣಿಗೋ, ದವಾಖಾನೆಗೋ ಬಂದಾಗ ಒಯ್ಯುತ್ತಿದ್ದರು. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಯಾರ ಕಾಗದವನ್ನೂ ನಾನು ಓದುತ್ತಿರಲಿಲ್ಲ. ಪ್ರಿಂಟರ್ ಕಾಗದ ಉಗುಳುವಾಗ ಅಕ್ಷರದ ಮಗ್ಗುಲು ಕೆಳಗೆ ಬರುವ ಹಾಗೆ ತಿರುಗಿಸಿ ಮಡಿಚುತ್ತಿದ್ದೆ. ಈ ನಿಯಮದ ಬಗ್ಗೆ ನನಗೆ ವಿಪರೀತ ಹೆಮ್ಮೆಯಿತ್ತು.

ಇಷ್ಟೆಲ್ಲವನ್ನು ಮಾಡುತ್ತಿದ್ದದ್ದು ನಾನು ಬರೆದ ಪ್ರೋಗ್ರಾಮು. ಪುಸ್ತಕ ನೋಡಿ, ಬೈದುಕೊಂಡು, ಮತ್ತೆ ನೋಡಿ, ಮೂರು ತಿಂಗಳು ಒದ್ದಾಡಿ ಬರೆದದ್ದು. ಅದರ ಜೀವ ಇದ್ದದ್ದು ಕುಕಿಯಲ್ಲಿ. ಹುಡುಗಿಯರಿಗೆ ನಾನು ಅದನ್ನು ಗಿರಣಿಯ ಚೀಟಿ ಎಂದು ತಿಳಿಸಿ ಹೇಳುತ್ತಿದ್ದೆ. ಮೊದಲ ಸಲ ಗಿರಣಿಗೆ ನೆಲ್ಲು ಒಯ್ದಾಗ ಹೆಸರು, ಊರು ಎಲ್ಲ ಕೇಳಿ ಒಂದು ಚೀಟಿ ಕೊಡುತ್ತಾರೆ. ಎರಡನೇ ಸಲ ಚೀಟಿ ತೋರಿಸಿದರೆ ಸಾಕು, ನೀನು ಯಾರು ಎಂದು ಯಾರೂ ಕೇಳುವುದಿಲ್ಲ, ನಿನ್ನ ಅಕ್ಕಿ ನಿನಗೆ ಕೊಡುತ್ತಾರೆ. ಇಲ್ಲೂ ಅಷ್ಟೇ. ಗಿರಾಕಿ ಬಂದು ಒಮ್ಮೆ ತನ್ನ ಪಾಸ್‌ವರ್ಡ್ ಒತ್ತುತ್ತಿದ್ದ. ನಾನು ಮುಖ ಆ ಕಡೆ ತಿರುಗಿಸಿ ಕೂರುತ್ತಿದ್ದೆ. ದೂರದ ಸರ್ವರ್ ಒಂದು ಕುಕಿ ಕೊಡುತ್ತಿತ್ತು, ಅಂದರೆ ಒಂದು ಉದ್ದನೆಯ ಅಕ್ಷರ-ಅಂಕಿಗಳ ಸಾಲು. ಪ್ರೋಗ್ರಾಮು ಅದನ್ನು ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು. ಮರುದಿನದಿಂದ ಆ ಸಾಲನ್ನು ಕೋರಿಕೆಯ ಜೊತೆಗೆ ಕಳಿಸಿದರೆ ಮುಗಿಯಿತು. ಸರ್ವರ್ ಅದನ್ನಷ್ಟೇ ನೋಡಿ ಆ ಮನುಷ್ಯನ ಪತ್ರಗಳನ್ನು ಕೊಡುತ್ತಿತ್ತು. ಕಳಿಸುತ್ತಿರುವುದು ಯಾರ ಕೈ ಎಂದು ಅದು ಕೇಳುತ್ತಿರಲಿಲ್ಲ.

“ಅಕ್ಕೋರು ದಿನಾ ಮುಂಜಾನಿ ಎದ್ದು ಬಿಸ್ಕೀಟ ಕಳಸ್ತಾರಂತ, ನಮಗರೆ ಒಂದು ಕೊಡಂಗಿಲ್ಲ” ಎಂದು, ಇಂಗ್ಲಿಷಿನಲ್ಲಿ ಕುಕಿ ಎಂದರೆ ಬಿಸ್ಕೀಟು ಎಂದು ಗೊತ್ತಿದ್ದ ಹುಡುಗಿಯರು ಚೇಷ್ಟೆ ಮಾಡುತ್ತಿದ್ದರು.

ಆ ಕುಕಿಗಳ ಫೈಲುಗಳಿಗೆ ನಾನು ಹೆಸರಿಟ್ಟದ್ದರಲ್ಲೇ ತಪ್ಪು ನಡೆದಿತ್ತು. ನಮ್ಮ ಕಡೆ ಯಾರನ್ನಾದರೂ ಗುರುತು ಹಿಡಿಯುವುದು ಮನೆತನದಿಂದ. ‘ಯಾರ ಪೈಕಿ’ ಎಂದು ಕೇಳುತ್ತಾರೆ, ನಿನ್ನ ಹೆಸರೇನು ಎಂದು ಆಮೇಲೆ, ಅದೂ ನೆನಪಾದರೆ. ಅಂಚೆಯವನೂ ಒಂದು ಮನೆಯ ಕಾಗದಗಳನ್ನೆಲ್ಲ ಒಟ್ಟಿಗೆ ಹಿಡಿದು ಕಟ್ಟೆಯ ಮೇಲೆ ಕೂತ ಗಂಡಸಿನ ಕೈಗಿಟ್ಟು ಹೋಗುತ್ತಾನೆ. ಹುಟ್ಟಿದಾಗಿನಿಂದ ಅದನ್ನೇ ನೋಡಿದ ನಾನು, ಯೋಚನೆಯನ್ನೂ ಮಾಡದೆ, ಪ್ರತಿ ಫೈಲಿಗೂ ಮನೆತನದ ಹೆಸರನ್ನೇ ಇಟ್ಟಿದ್ದೆ. ಒಂದು ಮನೆಯಿಂದ ಒಬ್ಬರೇ ಗಿರಾಕಿ ಇದ್ದಷ್ಟು ದಿನ ಎಲ್ಲ ಸರಿಯಾಗಿ ನಡೆಯಿತು.

ನನ್ನ ಸೆಂಟರ್ ಇದ್ದ ಮಳಿಗೆಯ ಮಾಲೀಕರು ಮಸ್ಕಿಯವರು. ನೀರಾವರಿ ಹೊಲ, ಅಕ್ಕಿ ವ್ಯಾಪಾರ ಎರಡೂ ಇದ್ದ ಮನೆ. ತಂದೆ ತೀರಿಕೊಂಡ ಮೇಲೆ ಎಲ್ಲ ಹಿರಿಯ ಮಗನ ಕೈಗೆ ಬಂದಿತ್ತು. ನಲವತ್ತರ ಹತ್ತಿರದ ಮನುಷ್ಯ, ಹಣೆಯ ತುಂಬ ವಿಭೂತಿ, ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಹೈದರಾಬಾದಿನ ವ್ಯಾಪಾರಿಯೊಬ್ಬರು ಅವರಿಗೆ ವಾರಕ್ಕೊಮ್ಮೆ ಅಕ್ಕಿಯ ಪೇಟೆ ಧಾರಣೆಯನ್ನು ಇ-ಮೇಲ್ ಮಾಡುತ್ತಿದ್ದರು. ಸೋಮವಾರ ಜೀಪಿನಲ್ಲಿ ಬಂದು, ಲಕೋಟೆ ತೆಗೆದುಕೊಂಡು, ನನ್ನ ಬೆಂಚಿನ ಮೇಲೆಯೇ ಕೂತು ಓದಿ ಹೋಗುತ್ತಿದ್ದರು.

ಅವರ ತಂಗಿ ನನ್ನ ವಿದ್ಯಾರ್ಥಿನಿ. ಇಪ್ಪತ್ತಾರು ವರ್ಷ, ಬಿ.ಎ. ಆಗಿತ್ತು, ಮಸ್ಕಿಯ ಒಂದು ಸಣ್ಣ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ವಾರಕ್ಕೆ ಎರಡು ಸಂಜೆ, ಬುಧವಾರ ಮತ್ತು ಶುಕ್ರವಾರ, ಬಸ್ಸಿನಲ್ಲಿ ಸಿಂಧನೂರಿಗೆ ಬಂದು ಕಂಪ್ಯೂಟರ್ ಕಲಿಯಲು ಅವಳಿಗೆ ಅಪ್ಪಣೆ ಸಿಕ್ಕಿದ್ದೇ ಮಳಿಗೆ ಸ್ವಂತದ್ದು ಎಂಬ ಕಾರಣಕ್ಕೆ. ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು, ಕೆಲಸ ಮಾಡುವಾಗ ಮಾತ್ರ ಯಾರ ಹಂಗೂ ಇಲ್ಲದವಳ ಹಾಗೆ ಮಾಡುತ್ತಿದ್ದಳು. ನನಗೆ ಅವಳೆಂದರೆ ಬಹಳ ಇಷ್ಟ. ಎಲ್ಲರನ್ನೂ ಬೈದಷ್ಟು ಅವಳನ್ನು ಬೈದದ್ದು ನೆನಪಿಲ್ಲ.

ಒಂದು ಸಂಜೆ ಉಳಿದವರೆಲ್ಲ ಹೋದ ಮೇಲೆ ಅವಳು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು.

“ಅಕ್ಕೋರೆ, ನನಗೂ ಒಂದು ಇ-ಮೇಲ್ ಮಾಡಿಕೊಡ್ರಿ. ಮನಿಯಾಗ ಗೊತ್ತಾಗಬಾರದು.”

ನಾನು ಅವಳ ಮುಖ ನೋಡಿದೆ. ಯಾವನೋ ಹುಡುಗ ಇರಬೇಕು ಎಂದುಕೊಂಡೆ.

“ಹಂಗ ನೋಡಬ್ಯಾಡ್ರಿ. ನೀವು ತಿಳಕೊಂಡಂಗ ಏನಿಲ್ಲ” ಎಂದು ಅವಳು ಸೆರಗು ಬಾಯಿಗೆ ಹಿಡಿದಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. “ನಮ್ಮಪ್ಪ ಇದ್ದಾಗ ಕಾಲುವಿ ಕಡಿಗಿನ ನಾಲ್ಕೆಕರೆ ನಿಂದು ಅಂತ ಹೇಳಿದ್ದ. ಈಗ ಹೆಣ್ಣುಮಕ್ಕಳಿಗೂ ಪಾಲು ಐತಿ ಅಂತ ಕಾನೂನು ಬಂದೈತಂತ. ಅಣ್ಣ ಬಳಗಾನೂರಾಗ ನನ್ನ ಲಗ್ನ ಗೊತ್ತು ಮಾಡ್ಯಾನ. ಲಗ್ನಕ್ಕಿಂತ ಮೊದಲು ಲಿಂಗಸುಗೂರಿಗೆ ಹೋಗಿ ಹಕ್ಕು ಬಿಟ್ಟೀನಿ ಅಂತ ಸೈ ಮಾಡಿ ಬರೋಣ ಅಂತ ಹೇಳಾಕತ್ತಾನ. ನಾ ಸೈ ಮಾಡಂಗಿಲ್ರೀ.”

“ಲಗ್ನ ಬ್ಯಾಡೇನು ಮತ್ತ?”

“ಲಗ್ನ ಆಮ್ಯಾಲಿಂದು. ಮೊದಲು ನನ್ನ ಕಾಲ ಕೆಳಗ ನನ್ನ ನೆಲ ಇರ್ಲಿ.”

ಕಾಲೇಜಿನ ಗೆಳತಿಯೊಬ್ಬಳು ಧಾರವಾಡದಲ್ಲಿ ವಕೀಲರ ಹತ್ತಿರ ಕೆಲಸಕ್ಕಿದ್ದಳು. ಅವಳು ದಾರಿ ಹೇಳುತ್ತೇನೆ ಎಂದಿದ್ದಳಂತೆ. ಆದರೆ ಅಂಚೆಯಲ್ಲಿ ಬರೆದರೆ ಕಾಗದ ಅಣ್ಣನ ಕೈಗೆ ಹೋಗುತ್ತದೆ, ಫೋನು ಅಣ್ಣನ ಕೋಣೆಯಲ್ಲಿದೆ. ಉಳಿದದ್ದು ನನ್ನ ಕಂಪ್ಯೂಟರು. ನನಗೆ ಮೈಯೆಲ್ಲ ಹುರುಪು ಬಂತು. ಮಾಡೇ ಮಾಡೋಣ ಎಂದೆ. ಅಣ್ಣನದು ಯಾವ ಉಚಿತ ಮೇಲ್ ಇತ್ತೋ ಅದರಲ್ಲೇ, ನನಗೆ ಗೊತ್ತಿದ್ದದ್ದು ಅದೊಂದೇ ಆದ್ದರಿಂದ, ಅವಳಿಗೂ ಖಾತೆ ತೆರೆದೆ. ಅವಳು ಪಾಸ್‌ವರ್ಡ್ ಒತ್ತಿದಳು, ನಾನು ಮುಖ ತಿರುಗಿಸಿದೆ. ಪ್ರೋಗ್ರಾಮು ಫೈಲಿನ ಹೆಸರು ಕೇಳಿತು. ನನ್ನ ಬೆರಳುಗಳು ಅವಳ ಮನೆತನದ ಹೆಸರನ್ನು ಒತ್ತಿದವು. ಆ ಹೆಸರಿನ ಫೈಲು ಆಗಲೇ ಇತ್ತು. ಪ್ರೋಗ್ರಾಮು ಏನೂ ಕೇಳದೆ ಅಣ್ಣನ ಕುಕಿಯನ್ನು ಅಳಿಸಿ ತಂಗಿಯ ಕುಕಿಯನ್ನು ಬರೆದುಕೊಂಡಿತು. ಕೇಳು ಎಂದು ನಾನು ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಆ ಸಂಜೆಯೇ ಅವಳು ಗೆಳತಿಗೆ ಮೊದಲ ಪತ್ರ ಬರೆದು ಹೋದಳು. ಸೋಮವಾರ ನಸುಕಿನಲ್ಲಿ ಲೈನು ಹಚ್ಚಿದೆ. ಪಟ್ಟಿಯಲ್ಲಿ ಅಣ್ಣನ ಸರದಿ ಬಂದಾಗ ಪ್ರೋಗ್ರಾಮು ಆ ಫೈಲು ತೆರೆದು ಅದರಲ್ಲಿದ್ದ ಕುಕಿಯನ್ನು ಕಳಿಸಿತು. ತಂಗಿಯ ಸರದಿ ಬಂದಾಗಲೂ ಅದನ್ನೇ ಕಳಿಸಿತು. ಎರಡು ಸಲವೂ ಗೆಳತಿಯ ಪತ್ರವೇ ಇಳಿಯಿತು. ಎರಡು ಪ್ರಿಂಟು ಬಂದವು. ನಾನು ಎರಡನ್ನೂ ಓದದೆ ಮಡಿಚಿದೆ, ಪಿನ್ನು ಹೊಡೆದೆ, ಒಂದನ್ನು ಅವಳ ಹೆಸರಿನಲ್ಲಿ ಮೇಜಿನ ಖಾನೆಯೊಳಗೆ ಬಚ್ಚಿಟ್ಟೆ, ಇನ್ನೊಂದನ್ನು ಅಣ್ಣನ ಲಕೋಟೆಗೆ ಹಾಕಿ ಕಪಾಟಿನಲ್ಲಿಟ್ಟೆ.

ಅವರು ಹತ್ತು ಗಂಟೆಗೆ ಬಂದರು. ಎಂದಿನಂತೆ ಬೆಂಚಿನ ಮೇಲೆ ಕೂತು ಲಕೋಟೆ ಒಡೆದರು. ಧಾರಣೆ ಓದಲು ಅವರಿಗೆ ಎರಡು ನಿಮಿಷ ಸಾಕಾಗುತ್ತಿತ್ತು; ಆ ದಿನ ಬಹಳ ಹೊತ್ತು ಹಿಡಿಯಿತು. ಗೆಳತಿಯರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು ಎಂದು ನನಗೆ ಗೊತ್ತಾದದ್ದು ಆಮೇಲೆ. ಅಣ್ಣ ಒಂದೊಂದೇ ಅಕ್ಷರ ಕೂಡಿಸುತ್ತ, ತುಟಿ ಆಡಿಸುತ್ತ ಓದುತ್ತಿದ್ದರು. ಒಮ್ಮೆ ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗಿಟ್ಟುಕೊಂಡರು.

“ಧಾರಣಿ ಹೆಂಗೈತ್ರಿ?” ಎಂದು ನಾನು ಸುಮ್ಮನೆ ಕೇಳಿದೆ.

“ಈ ವಾರ ಧಾರಣಿ ಬಂದಿಲ್ರೀ ಅಕ್ಕೋರೆ. ಬ್ಯಾರೆ ಏನೋ ಬಂದೈತಿ.”

ನನಗೆ ತಕ್ಷಣ ಹೊಳೆಯಿತು. ಮನೆತನದ ಹೆಸರು, ಫೈಲು, ಅಳಿಸಿದ ಕುಕಿ, ಎಲ್ಲ ಒಂದೇ ಕ್ಷಣದಲ್ಲಿ. ಎದ್ದು ಕೈ ಚಾಚಿದೆ.

“ನನ್ನ ತಪ್ಪು ಅದು. ಆ ಕಾಗದ ನಿಮ್ಮದಲ್ಲ, ಕೊಡ್ರಿ ಇಲ್ಲಿ. ನಿಮ್ಮದು ಇವತ್ತ ಸರಿ ಮಾಡ್ತೀನಿ.”

“ಸರಿ ಮಾಡೋದು ಬ್ಯಾಡ್ರಿ” ಎಂದರು ಅವರು. ದನಿಯಲ್ಲಿ ಸಿಟ್ಟು ಇರಲಿಲ್ಲ. “ಹೆಂಗೈತಿ ಹಂಗ ಇರ್ಲಿ. ಅಕಿದು ಅಕಿಗೆ ಕೊಡ್ರಿ. ನನಗೂ ಒಂದು ಕೊಡ್ರಿ. ಧಾರಣಿ ನಾ ಫೋನಿನಾಗ ಕೇಳ್ಕೋತೀನಿ.”

“ಅದು ಆಗಂಗಿಲ್ಲ. ಇನ್ನೊಬ್ಬರ ಕಾಗದ ನಾ ಯಾರಿಗೂ ಕೊಡಂಗಿಲ್ಲ.”

“ಇನ್ನೊಬ್ಬರು ಯಾರ್ರಿ? ನನ್ನ ತಂಗಿ. ನಮ್ಮ ಮನಿದು.” ಅವರು ಎದ್ದು, ಗೋಡೆಯನ್ನೊಮ್ಮೆ, ಮೇಲೆ ಜಂತಿಯನ್ನೊಮ್ಮೆ ನೋಡಿದರು. “ಮಳಿಗಿ ಸೋರಾಕತ್ತೈತೇನ್ರಿ? ಹೇಳ್ರಿ ಮತ್ತ, ನೋಡೋಣಂತ. ಒಬ್ಬರು ಔಷಧಿ ಅಂಗಡಿಯವರು ಕೇಳಾಕತ್ತಾರ ಈ ಜಾಗಾ. ನಾ ಇನ್ನಾ ಏನೂ ಹೇಳಿಲ್ಲ ಅವರಿಗೆ.”

ನಮಸ್ಕಾರ ಮಾಡಿ ಹೋದರು. ನಾನು ಜೀಪು ತಿರುವು ದಾಟುವ ತನಕ ನಿಂತಿದ್ದೆ. ಆಮೇಲೆ ಕುದಿಯುವ ಸಿಟ್ಟಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಪ್ರೋಗ್ರಾಮು ತಿದ್ದಿದೆ. ಮನೆತನದ ಹೆಸರಿನ ಬದಲು ಒಬ್ಬೊಬ್ಬರಿಗೆ ಒಂದೊಂದು ಅಂಕಿ. ಬದಲಾದದ್ದು ಒಂದೇ ಸಾಲು. ಅವಳ ಕುಕಿಯನ್ನು ಹೊಸ ಫೈಲಿಗೆ ಹಾಕಿ, ಅಣ್ಣನ ಫೈಲನ್ನು ಖಾಲಿ ಬಿಟ್ಟೆ. ಅವನೇನು ಕಿತ್ತುಕೊಳ್ಳುತ್ತಾನೋ ನೋಡೇ ಬಿಡುತ್ತೇನೆ ಎಂದು ಗಟ್ಟಿಯಾಗಿಯೇ ಅಂದುಕೊಂಡೆ.

ಬುಧವಾರ ಅವಳು ಬಂದಳು. ನಾನು ಲಕೋಟೆ ಕೊಟ್ಟೆ. ಬಾಗಿಲ ಹೊರಗೆ, ಎದುರಿನ ಪಾನ್ ಅಂಗಡಿಯ ಹತ್ತಿರ, ಅಣ್ಣನ ಜೀಪಿನ ಡ್ರೈವರ್ ನಿಂತಿದ್ದ. ಮೊದಲು ಅವಳು ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುತ್ತಿದ್ದಳು.

“ಜೀಪು ಯಾಕ ಬಂದೈತಿ?” ಎಂದೆ.

“ಅಣ್ಣನೇ ಕಳಿಸ್ಯಾನ್ರಿ. ಲಗ್ನದ ಹುಡುಗಿ ಬಸ್ಸಿನಾಗ ಅಡ್ಡಾಡಬಾರದಂತ. ಎಷ್ಟು ಕಾಳಜಿ ಮಾಡಾಕತ್ತಾನ ನೋಡ್ರಿ ಈಗೀಗ.” ಅವಳು ಪತ್ರ ಓದಿ, ನಗುತ್ತ ನನ್ನ ಕಡೆ ಬಗ್ಗಿದಳು. “ದಾರಿ ಐತಂತ್ರಿ ಅಕ್ಕೋರೆ. ಕೋರ್ಟಿನಾಗ ತಕರಾರು ಅರ್ಜಿ ಹಾಕಿದ್ರ ಸೈ ಮಾಡಸಾಕ ಬರಂಗಿಲ್ಲಂತ. ಯಾವತ್ತು ಲಿಂಗಸುಗೂರಿಗೆ ಬರಬೇಕು ಅಂತ ಮುಂದಿನ ಪತ್ರದಾಗ ತಿಳಸ್ತಾಳಂತ.”

ಅವಳು ಅಲ್ಲೇ ಕೂತು ಗೆಳತಿಗೆ ಉತ್ತರವನ್ನೂ ಒತ್ತಿಟ್ಟಳು. ಆಗ ಹೇಳಬೇಕಿತ್ತು. ನಾಲಿಗೆಯ ಮೇಲೇ ಇತ್ತು. ಡ್ರೈವರ್ ಒಳಗೆ ಇಣುಕಿದ. ನಾನು “ಹುಷಾರವ್ವಾ” ಎಂದೆ, ಅಷ್ಟೇ.

“ನೀವು ಅದೀರಲ್ರೀ, ನನಗ್ಯಾಕ ಫಿಕರು?” ಎಂದು ಅವಳು ಎದ್ದು ಹೋದಳು.

ಗುರುವಾರ ಮಧ್ಯಾಹ್ನ ಅಳತೆಯ ಟೇಪು ಹಿಡಿದು ಇಬ್ಬರು ಬಂದರು. ಔಷಧಿ ಅಂಗಡಿಯವರು ಕಳಿಸಿದ್ದಾರೆ ಎಂದರು. ವಿದ್ಯಾರ್ಥಿಗಳೆಲ್ಲ ಕೂತಿರುವಾಗಲೇ ಗೋಡೆಯಿಂದ ಗೋಡೆಗೆ ಅಳೆದು, ಒಂದು ಚೀಟಿಯಲ್ಲಿ ಬರೆದುಕೊಂಡು, ಚಹಾ ಕುಡಿಯುತ್ತೀರಾ ಎಂದು ನಾನು ಬಾಯಿಮಾತಿಗೆ ಕೇಳಿದ್ದಕ್ಕೆ “ಇನ್ನೊಮ್ಮೆ ಬರ್ತೀವ್ರೀ” ಎಂದು ಹೋದರು.

ನನ್ನ ಗಂಡ ಒಳ್ಳೆಯ ಮನುಷ್ಯ, ಆದರೆ ಅವರ ಆರೋಗ್ಯ ಆಗ ಕೆಟ್ಟಿತ್ತು. ಮನೆ ನಡೆಯುತ್ತಿದ್ದದ್ದು ಸೆಂಟರಿನಿಂದ. ಇದನ್ನು ನೆಪ ಎಂದೇ ಬರೆಯುತ್ತಿದ್ದೇನೆ. ಬೇರೆ ಮಳಿಗೆ ಸಿಂಧನೂರಿನಲ್ಲಿ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ನಾನು ಹೆದರಿದೆ. ಸೋಮವಾರ ನಸುಕಿನಲ್ಲಿ, ಲೈನು ಹಚ್ಚುವ ಮೊದಲು, ತಿದ್ದಿದ್ದ ಆ ಒಂದು ಸಾಲನ್ನು ಮೊದಲು ಇದ್ದ ಹಾಗೆಯೇ ಮತ್ತೆ ಬರೆದೆ, ಅವಳ ಕುಕಿಯನ್ನು ಮನೆತನದ ಹೆಸರಿನ ಫೈಲಿಗೆ ವಾಪಸ್ ಹಾಕಿದೆ. ಹಿಂದಿನ ಸೋಮವಾರದ್ದು ತಪ್ಪು. ಇದು ತಪ್ಪಲ್ಲ, ಇದು ನಾನು ಮಾಡಿದ್ದು. ಎರಡು ಪ್ರಿಂಟು ಬಂದವು. ಆಗಲೂ ನಾನು ಓದಲಿಲ್ಲ. ಓದದೆ ಇದ್ದರೆ ನನ್ನ ಕೈ ಇನ್ನೂ ಸ್ವಲ್ಪ ಶುದ್ಧವಾಗಿದೆ ಎಂಬ ಹುಚ್ಚು ನಂಬಿಕೆ.

ಅವರು ಹತ್ತು ಗಂಟೆಗೆ ಬಂದರು, ಬೆಂಚಿನ ಮೇಲೆ ಕೂತರು, ತುಟಿ ಆಡಿಸುತ್ತ ಓದಿದರು. ಹೋಗುವಾಗ, “ಔಷಧಿ ಅಂಗಡಿಯವರಿಗೆ ಬ್ಯಾರೆ ಕಡಿಗೆ ನೋಡ್ಕೊಳ್ರಿ ಅಂತ ಹೇಳಿಬಿಡ್ತೀನಿ” ಎಂದರು.

ಬುಧವಾರ ಅವಳು ಪತ್ರ ಓದಿ ಬೆರಳಿನಲ್ಲಿ ದಿನ ಎಣಿಸಿದಳು. ಶುಕ್ರವಾರ ಬೆಳಿಗ್ಗೆ ಶಾಲೆಗೆಂದು ಹೊರಟು, ನೇರ ಲಿಂಗಸುಗೂರಿನ ಬಸ್ ಹತ್ತುವುದು. ಹತ್ತು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಗೆಳತಿಯೂ ವಕೀಲರೂ ಕಾಯುತ್ತಾರೆ. ಹೊಲದ ಪಹಣಿ ಮತ್ತು ಶಾಲೆ ಬಿಟ್ಟ ಸರ್ಟಿಫಿಕೇಟು ತರಬೇಕು. ಎರಡನ್ನೂ ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದೇನೆ ಎಂದಳು. ನಾನು ತಲೆಯಾಡಿಸುತ್ತಿದ್ದೆ. ನಾಳೆಯೇ ಹೋಗಿಬಿಡು, ಇವತ್ತೇ ಹೋಗಿಬಿಡು, ಮನೆಗೆ ಹೋಗಬೇಡ ಎಂದು ಒಳಗೊಳಗೇ ಹೇಳುತ್ತಿದ್ದೆ. ಜೀಪಿನ ಹಾರ್ನ್ ಕೇಳಿತು. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಶುಕ್ರವಾರ ಸಂಜೆ ಅವಳು ತರಗತಿಗೆ ಬರಲಿಲ್ಲ. ಮುಂದಿನ ಬುಧವಾರದವರೆಗೆ ನಾನು ರಸ್ತೆಯಲ್ಲಿ ಮಸ್ಕಿಯ ಬಸ್ಸು ಕಂಡಾಗಲೆಲ್ಲ ಇಳಿಯುವವರ ಮುಖ ನೋಡುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಏನಾಯಿತು ಎಂದು ಗಂಡ ಕೇಳಿದರೆ ಅವರ ಮೇಲೇ ರೇಗಿದೆ.

ಬುಧವಾರ ಸಂಜೆ ಜೀಪು ಬಂತು. ಅಣ್ಣ ಕೆಳಗಿಳಿಯದೆ ಒಳಗೇ ಕೂತಿದ್ದರು. ಅವಳು ಒಬ್ಬಳೇ ಒಳಗೆ ಬಂದಳು. ಕೈಯಲ್ಲಿ ಹಸಿರು ಬಳೆ, ಎಡಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ನೀಲಿ ಮಸಿ ಇನ್ನೂ ಹೋಗಿರಲಿಲ್ಲ. ಕೂತು, ಬಹಳ ಸಾವಕಾಶವಾಗಿ ಹೇಳಿದಳು. ಗುರುವಾರ ಬೆಳಿಗ್ಗೆ ಅಣ್ಣ ಟ್ರಂಕು ತೆಗೆಸಿ ಸೀರೆಯ ಕೆಳಗಿನಿಂದ ಎರಡು ಕಾಗದಗಳನ್ನೂ ನೇರವಾಗಿ ತೆಗೆದುಕೊಂಡ. ಅವ್ವ ಹಿಂದಿನ ರಾತ್ರಿಯಿಂದ ಅನ್ನ ಮುಟ್ಟಿರಲಿಲ್ಲ. ಇವಳು ಸೈ ಮಾಡದಿದ್ದರೆ ಮುಟ್ಟುವುದೂ ಇಲ್ಲ ಎಂದಳು. ಮಧ್ಯಾಹ್ನದ ಹೊತ್ತಿಗೆ ಲಿಂಗಸುಗೂರಿನ ನೋಂದಣಿ ಕಚೇರಿಯಲ್ಲಿ ಸೈ, ಹೆಬ್ಬೆಟ್ಟು ಎರಡೂ ಮುಗಿದವು. ಮರುದಿನ ಗೆಳತಿ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯ ತನಕ ಕಾದಳೋ ಏನೋ, ಇವಳಿಗೆ ಗೊತ್ತಿಲ್ಲ.

“ಎಲ್ಲಿ ಇಟ್ಟೀನಿ ಅಂತ ಸುದ್ದಾ ಗೊತ್ತಿತ್ರೀ ಅವಗ. ನಾ ಅಕಿಗೆ ಬಿಟ್ರ ಯಾರಿಗೂ ಬರದಿದ್ದಿಲ್ಲ. ಅಕಿ ನಾ ಬರದಿದ್ದನ್ನ ತನ್ನ ಪತ್ರದಾಗ ಮತ್ತ ಬರದಿದ್ದಳು, ‘ಸೀರಿ ಕೆಳಗ ಇಟ್ಟಿದ್ದು ಮರೀಬ್ಯಾಡ’ ಅಂತ. ಅಕಿನೇ ಅಣ್ಣಗ ಫೋನ್ ಮಾಡಿ ಹೇಳ್ಯಾಳ. ಎಷ್ಟು ಕೊಟ್ಟನೋ ಏನೋ.”

“ಅಕಿ ಅಂಥಾಕಿ ಅಲ್ಲ” ಎಂದೆ.

“ಮತ್ತ ಯಾರು ಹೇಳ್ರಿ? ನೀವು ಹೇಳಿದ್ರೇನು?” ಎಂದು ಅವಳು ಒಂದಿಷ್ಟು ನಕ್ಕಳು. ಸೆರಗು ಬಾಯಿಗೆ ಬರಲಿಲ್ಲ. “ಅಕಿಗೆ ಕಡೀದು ಒಂದು ಪತ್ರ ಬರೀಬೇಕು. ನನ್ನ ಕೈ ನಡಗಾಕತ್ತಾವ. ನಾ ಹೇಳ್ತೀನಿ, ನೀವು ಒತ್ರಿ.”

ನಾನು ಕೂತೆ. ಅವಳು ಹೇಳಿದಳು, ನಾನು ಒತ್ತಿದೆ. ನೀನು ನನ್ನ ಪಾಲಿಗೆ ಸತ್ತೆ. ಹತ್ತು ವರ್ಷದ ಗೆಳೆತನವನ್ನು ನಮ್ಮಣ್ಣನಿಗೆ ಮಾರಿದೆ. ಇನ್ನು ನನಗೆ ಬರೆಯಬೇಡ, ಬರೆದರೂ ನಾನು ಓದುವುದಿಲ್ಲ. ಎಂಬತ್ತರ ದಶಕದಿಂದ ಟೈಪ್ ಮಾಡಿದ ಕೈ ನನ್ನದು. ಒಂದು ಅಕ್ಷರವೂ ತಪ್ಪಲಿಲ್ಲ.

ಲೈನು ಹಚ್ಚಿದೆ. ಮೋಡೆಮ್ ಕಿರುಚಲು ಶುರುಮಾಡಿತು. ಅದು ಕೂಡಿಕೊಳ್ಳಲು ಮುಕ್ಕಾಲು ನಿಮಿಷವಾದರೂ ಬೇಕು. ಅಷ್ಟು ಹೊತ್ತು ಅವಳು ನನ್ನ ಪಕ್ಕದಲ್ಲಿ ಪರದೆ ನೋಡುತ್ತ ನಿಂತಿದ್ದಳು, ಅಷ್ಟು ಹೊತ್ತೂ ನಾನು ಹೇಳಬಹುದಿತ್ತು. ಬಾಗಿಲಿನಾಚೆ ಅಣ್ಣ ಜೀಪಿನಲ್ಲಿ ಕೂತು ನಮ್ಮ ಕಡೆಗೇ ನೋಡುತ್ತಿದ್ದರು.

“ಕಳಸ್ರೀ ಅಕ್ಕೋರೆ” ಎಂದಳು.

ಕಳಿಸಿದೆ. ಅವಳ ಕುಕಿಯೇ ಹೋಯಿತು, ಅವಳ ಹೆಸರಿನಲ್ಲೇ ಪತ್ರ ಹೋಯಿತು. ಅವಳು ಉಸಿರು ಬಿಟ್ಟು, ಸೆರಗು ಸರಿಮಾಡಿಕೊಂಡು, ನಾನು ತಡೆಯುವಷ್ಟರಲ್ಲಿ ಬಗ್ಗಿ ನನ್ನ ಎರಡೂ ಪಾದ ಮುಟ್ಟಿ ನಮಸ್ಕಾರ ಮಾಡಿದಳು.

“ಮುಂದಿನ ವಾರ ಲಗ್ನರಿ. ನೀವೊಬ್ರೇ ನನಗ ಮೋಸ ಮಾಡಲಿಲ್ಲ” ಎಂದಳು.

ನಾನು ಅವಳ ತಲೆಯ ಮೇಲೆ ಕೈಯಿಟ್ಟು, “ಚಲೋ ಆಗ್ಲಿ ನಿಂಗ” ಎಂದೆ.